ಕಾಯದೇ ಇದ್ದ ಹದಿನೇಳನೆಯವನು

ಡಬಲ್ ಸಾರ್ ಎಂಬ ಹೆಸರು ಅವರಿಗೆ ಬಿದ್ದದ್ದು ಕ್ಯಾಂಟೀನಿನಲ್ಲಿ. ಕಾಫಿ ತಣ್ಣಗಿರುತ್ತದೆ ಎಂದು ಯಾರೋ ದೂರಿದಾಗ ಕ್ಯಾಂಟೀನ್ ಸಮಿತಿಯ ಅಧ್ಯಕ್ಷರಾಗಿದ್ದ ಅವರು ಕಣ್ಣು ಕೂಡ ಮಿಟುಕಿಸದೆ, "ಹಾಗಾದ್ರೆ ಒಬ್ಬೊಬ್ಬರಿಗೆ ಎರಡೆರಡು ಲೋಟ ಕೊಡಿ" ಎಂದು ತೀರ್ಪು ಕೊಟ್ಟಿದ್ದರು. ಮನುಷ್ಯ ಕೆಟ್ಟವರಲ್ಲ. ಬೇರೆ ಮೇಲಧಿಕಾರಿಗಳು ತೊಂದರೆ ಬಂದಾಗ ಜನರನ್ನೋ ರಜೆಯನ್ನೋ ಕಡಿಮೆ ಮಾಡಲು ನೋಡುತ್ತಾರೆ. ಇವರು ಯಾವಾಗಲೂ ಹೆಚ್ಚು ಮಾಡುವ ಪೈಕಿ. ಹಾಗಾಗಿ ಅವರ ಮೇಲೆ ಯಾರಿಗೂ ಸಿಟ್ಟು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ರೈಲು ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ ಅವರು ಮುಖ್ಯಸ್ಥರು. ಅವರ ಕೈಕೆಳಗೆ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಟೇಬಲಕ್ಕ ಎನ್ನುತ್ತಿದ್ದರು. ಯಾರು ಏನು ತೊಂದರೆ ಹೇಳಿಕೊಂಡು ಬಂದರೂ ಆಕೆಯ ಮೊದಲ ಪ್ರಶ್ನೆ "ಯಾವ ಟೇಬಲ್ಲು?" ಎಂದೇ. ಆಕೆಯ ಮಟ್ಟಿಗೆ ಟೇಬಲ್ಲು ಎಂದರೆ ಡೇಟಾಬೇಸಿನಲ್ಲಿ ಸಾಲುಸಾಲಾಗಿ ಕೂತಿರುವ ಮಾಹಿತಿಯ ಪಟ್ಟಿ. ಲೆಕ್ಕ ವಿಭಾಗದ ಹಿರಿಯರೊಬ್ಬರು ಒಮ್ಮೆ "ಕಿಟಕಿ ಪಕ್ಕದ್ದಮ್ಮ, ಒಂದು ಕಾಲು ಅಲ್ಲಾಡುತ್ತೆ" ಎಂದ ಮೇಲೆ ಆ ಹೆಸರು ಅಂಟಿಕೊಂಡಿತು.

ಆ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಡಬಲ್ ಸಾರ್ ಟೇಬಲಕ್ಕನ ಕುರ್ಚಿಯ ಹಿಂದೆ ಬಂದು ನಿಂತರು.

"ಬಂತೇನಮ್ಮ ಜೋಡಿ ಪಟ್ಟಿ?"

"ಈಗ ಬಂತು ಸಾರ್."

"ಬೆಳಿಗ್ಗೆ ಆರಕ್ಕೆ ಶುರುವಾಗಿದ್ದು ಈಗ ಬಂತಾ! ಕಿಟಕಿ ಒಂಬತ್ತಕ್ಕೇ ತೆಗೀತಾರಲ್ಲ. ಶುಕ್ರವಾರ ದೊಡ್ಡ ಸಾಹೇಬರು ಬರ್ತಾರೆ, ಒಂಬತ್ತು ಗಂಟೆಗೆ ಸರಿಯಾಗಿ ಪಟ್ಟಿ ಗೋಡೆ ಪರದೆ ಮೇಲೆ ನೋಡ್ಬೇಕಂತೆ."

ಜೋಡಿ ಪಟ್ಟಿ ಎಂದರೆ ಕಳೆದುಹೋದ ವಸ್ತುಗಳದ್ದು. ಹನ್ನೊಂದು ನಿಲ್ದಾಣಗಳಲ್ಲಿ ಪ್ರಯಾಣಿಕರು ಮರೆತು ಹೋದದ್ದನ್ನೆಲ್ಲ ಗಾಡಿ ಗುಡಿಸುವವರು ತಂದು ಉಗ್ರಾಣಕ್ಕೆ ಒಪ್ಪಿಸುತ್ತಾರೆ. ಕಳೆದುಕೊಂಡವರು ಕಿಟಕಿಗೆ ಬಂದು ದೂರು ಬರೆಸುತ್ತಾರೆ. ಡೇಟಾಬೇಸು ದಿನಾ ಬೆಳಿಗ್ಗೆ ಈ ಎರಡು ಪಟ್ಟಿಗಳನ್ನು ಎದುರುಬದುರು ಹಿಡಿದು ಯಾವ ದೂರಿಗೆ ಯಾವ ವಸ್ತು ಹೊಂದುತ್ತದೆ ಎಂದು ಜೋಡಿ ಮಾಡುತ್ತದೆ. ಹೊಂದಿದರೆ ಕಳೆದುಕೊಂಡವರ ಫೋನಿಗೆ ತಾನೇ ಸಂದೇಶ ಹೋಗುತ್ತದೆ.

ಹೋದ ವರ್ಷ ಈ ಕೆಲಸ ಒಂಬತ್ತು ದಾಟಿ ಇಪ್ಪತ್ತು ನಿಮಿಷಕ್ಕೆ ಮುಗಿಯತೊಡಗಿದಾಗ ಡಬಲ್ ಸಾರ್ ಎಲ್ಲೋ ಓದಿಕೊಂಡು ಬಂದಿದ್ದರು: ಕೆಲಸವನ್ನು ಒಬ್ಬನ ಕೈಗೆ ಕೊಡುವ ಬದಲು ಯಂತ್ರದೊಳಗಿನ ಹಲವು ಆಳುಗಳಿಗೆ ಹಂಚಿ, ಎಲ್ಲರೂ ಒಟ್ಟೊಟ್ಟಿಗೆ ಮಾಡುವಂತೆ ಡೇಟಾಬೇಸಿಗೆ ಹೇಳಬಹುದು. ನಾಲ್ಕು ಆಳು ಹಾಕಿದರು, ಏಳೂವರೆಗೇ ಪಟ್ಟಿ ಬಂತು. ಡಬಲ್ ಸಾರ್ ಆ ದಿನ ಇಡೀ ವಿಭಾಗಕ್ಕೆ ಸಿಹಿ ಹಂಚಿದರು, ಎರಡೆರಡು. ಕೆಲವು ತಿಂಗಳಲ್ಲಿ ಮತ್ತೆ ನಿಧಾನವಾಯಿತು. ಎಂಟು ಮಾಡಿದರು, ಒಂಬತ್ತಾಯಿತು. ಹದಿನಾರು ಮಾಡಿದರು, ಹತ್ತಾಯಿತು. ಮೂವತ್ತೆರಡು ಮಾಡಿದರು, ಹನ್ನೊಂದಾಯಿತು. ಈಗ ಅರವತ್ತನಾಲ್ಕು.

"ನೂರಿಪ್ಪತ್ತೆಂಟು ಮಾಡ್ಬಿಡಿ" ಎಂದರು ಡಬಲ್ ಸಾರ್.

"ಸಾರ್, ಹೆಚ್ಚು ಮಾಡಿದಷ್ಟೂ ತಡ ಆಗ್ತಿದೆ."

"ಅದಕ್ಕೇ ಹೇಳ್ತಿರೋದು, ಅರ್ಧಂಬರ್ಧ ಹೆಚ್ಚು ಮಾಡಿದ್ರೆ ಹೀಗೇ ಆಗೋದು."

ನಾಳೆವರೆಗೆ ಸಮಯ ಕೊಡಿ, ಎಲ್ಲಿ ಹೊತ್ತು ಹೋಗುತ್ತಿದೆ ನೋಡಿ ಹೇಳುತ್ತೇನೆ ಎಂದು ಟೇಬಲಕ್ಕ ಕೈ ಮುಗಿದಳು. ಅವರು ಗೋಡೆ ಗಡಿಯಾರವನ್ನೊಮ್ಮೆ ದುರುಗುಟ್ಟಿ ನೋಡಿ ಹೊರಟರು.

ಸಂಜೆ ಮನೆಗೆ ಹೋದರೆ ಅಲ್ಲಿ ಬೇರೆಯೇ ರಾಮಾಯಣ. ಮಾವ ಅಂಗಿ ಬಿಚ್ಚದೆ, ಒಂದೇ ಕಾಲಿನ ಬೂಟು ಬಿಚ್ಚಿ ಸೋಫಾದ ಮೇಲೆ ಕೂತು ಉಸಿರು ಬಿಡುತ್ತಿದ್ದರು. ಅವರು ನಲವತ್ತು ವರ್ಷ ಹರಾಜು ಕೂಗಿದವರು. ಊರಿನ ಹಳೆ ಪೀಠೋಪಕರಣ, ನಿಂತುಹೋದ ಅಂಗಡಿಗಳ ತಕ್ಕಡಿ, ಮುರಿದ ದೋಣಿ, ಎಲ್ಲವೂ ಅವರ ದನಿಯ ಕೆಳಗೆ ಮಾರಾಟವಾಗಿದ್ದವು. ಹದಿನೆಂಟು ದಿನದ ಹಿಂದೆ ರೈಲಿನಲ್ಲಿ ಬರುವಾಗ ದವಡೆ ನೋಯುತ್ತದೆಂದು ಮೇಲಿನ ಸಾಲಿನ ಕಟ್ಟಿಸಿದ ಹಲ್ಲನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಕಿಟಕಿಯ ಪಕ್ಕ ಇಟ್ಟು, ಹಾಗೇ ಇಳಿದು ಬಂದಿದ್ದರು. ಅಂದಿನಿಂದ ಹಾಲಲ್ಲಿ ನೆನೆಸಿದ ಬ್ರೆಡ್ಡು, ಬಾಳೆಹಣ್ಣು, ಕೋಪ, ಇಷ್ಟೇ ಅವರ ಆಹಾರ. ಬರುವ ಭಾನುವಾರ ಹರಾಜಿನ ಗೆಳೆಯನೊಬ್ಬನ ನಿವೃತ್ತಿ ಸಮಾರಂಭ ಬೇರೆ, ಅಲ್ಲಿ ಮಾತಾಡಬೇಕಾದವರು ಇವರೇ.

"ಇವತ್ತೂ ಹೋಗಿದ್ದೆನಮ್ಮ" ಎಂದರು ಮಾವ. "ಶಂದೇಶ ಬಂತು, ನಿಮ್ಮ ವಶ್ತು ಶಿಕ್ಕಿದೆ ಅಂತ. ಎರಡು ಗಾಡಿ ಬದಲಾಯಿಶಿ ಹೋದೆ. ಹಲ್ಲು ಕೇಳಿದ್ರೆ ಕೊಡೆ ಅಂತಾರೆ!"

ಶಾಲೆಯ ಬಸ್ಸು ಓಡಿಸುವ ಗಂಡ ಅಡುಗೆಮನೆಯಿಂದ ತಲೆ ಹೊರಗೆ ಹಾಕಿದ. "ಯಾಕಂತೆ ಅಪ್ಪ, ಕೊಡಲ್ಲ ಅನ್ನೋಕೆ ಅವರಪ್ಪನ ಹಲ್ಲಾ?"

"ಕೊಡಲ್ಲ ಅನ್ಲಿಲ್ಲ ಕಣೋ! ಕೊಡೆ ಕೊಡ್ತೀವಿ ಅಂದ್ರು. ಕೊಡೆ, ಛತ್ರಿ! ಕಪ್ಪು ಛತ್ರಿ! ನಿಮ್ಮ ವಶ್ತು ಇದೇ, ಶಹಿ ಹಾಕಿ ಅಂತಾನೆ. ಮೂರನೇ ನಿಲ್ದಾಣ ಇದು, ಮೂರನೇ ಛತ್ರಿ!"

ಗಂಡ ನಗು ತಡೆಯಲಾರದೆ ತಲೆ ಒಳಗೆ ಎಳೆದುಕೊಂಡ. ಟೇಬಲಕ್ಕ ನಗಲಿಲ್ಲ. ತನ್ನ ಕಂಪನಿಯ ಮಾನ ತನ್ನ ಮನೆಯಲ್ಲೇ ಹೋಗುತ್ತಿತ್ತು. ಯಾರೋ ಗುಮಾಸ್ತರ ಎಡವಟ್ಟು ಇರಬೇಕು, ವಿಚಾರಿಸುತ್ತೇನೆ ಮಾವ, ಎಂದು ಸಮಾಧಾನ ಹೇಳಿ ಬಾಳೆಹಣ್ಣು ಸುಲಿಯಲು ಹೋದಳು.

ಮಂಗಳವಾರ ಬೆಳಿಗ್ಗೆ ಆಕೆ ಬೇಗ ಬಂದು, ಕೆಲಸ ನಡೆಯುತ್ತಿರುವಾಗಲೇ ಕಾಯುವಿಕೆಯ ವರದಿ ತೆಗೆದಳು. ಡೇಟಾಬೇಸಿಗೆ ಒಂದು ಒಳ್ಳೆಯ ಗುಣವಿದೆ. ಒಳಗೆ ಕೆಲಸ ಮಾಡುವ ಪ್ರತಿಯೊಂದು ಆಳೂ ಸುಮ್ಮನೆ ನಿಂತಾಗಲೆಲ್ಲ ಯಾವುದಕ್ಕಾಗಿ ನಿಂತೆ, ಎಷ್ಟು ಹೊತ್ತು ನಿಂತೆ ಎಂದು ಬರೆದಿಡುತ್ತದೆ. ಮನುಷ್ಯರ ಕಚೇರಿಯಲ್ಲಿ ಇಂಥ ಪ್ರಾಮಾಣಿಕತೆ ಇಲ್ಲ.

ಡಬಲ್ ಸಾರ್ ಬಂದವರೇ ಪರದೆಯ ಮೇಲಿನ ಬಣ್ಣದ ಕಂಬಗಳನ್ನು ನೋಡಿ ಬೆರಳು ಚಾಚಿದರು.

"ಅದೇನದು, ಎಲ್ಲಕ್ಕಿಂತ ಉದ್ದದ ಕಂಬ?"

"ಅದು ನಿನ್ನೇದು ಸಾರ್. ಜೋಡಿ ಕೂಡಿಸೋ ಆಳುಗಳು ಕಾದ ಒಟ್ಟು ಹೊತ್ತು. ಮುನ್ನೂರ ಎಪ್ಪತ್ತೆಂಟು ಗಂಟೆ."

ಡಬಲ್ ಸಾರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿನ್ನೆ ಕೆಲಸ ನಡೆದಿದ್ದೇ ಆರು ಗಂಟೆ. ಆರು ಗಂಟೇಲಿ ಮುನ್ನೂರ ಎಪ್ಪತ್ತೆಂಟು ಗಂಟೆ ಹೇಗಮ್ಮ ಕಾಯ್ತಾರೆ? ಹೋದ ತಿಂಗಳೇ ಬಂದು ಕೂತಿದ್ರಾ?"

"ಬಹಳ ಜನ ಇದ್ದಾರಲ್ಲ ಸಾರ್. ನೀವು ಕರೆದ ಮೀಟಿಂಗಿಗೆ ಹತ್ತು ಜನ ಅರ್ಧ ಗಂಟೆ ಕಾದರೆ ಐದು ಗಂಟೆ ಹಾಳಾದ ಹಾಗಲ್ವಾ? ಹಾಗೇ."

ಉದಾಹರಣೆ ಬಾಯಿಂದ ಜಾರಿದ ಮೇಲೆ ಟೇಬಲಕ್ಕ ನಾಲಿಗೆ ಕಚ್ಚಿಕೊಂಡಳು. ಡಬಲ್ ಸಾರ್ ಗಮನ ಆಗಲೇ ಪಕ್ಕದ ಸಾಲಿಗೆ ಹಾರಿತ್ತು.

"ಇವನ್ಯಾರು? ಒಬ್ಬನೇ ಆರು ಗಂಟೆ ಪೂರ್ತಿ ಕಾದಿದ್ದಾನೆ? ಒಂದು ನಿಮಿಷನೂ ಕೆಲಸ ಮಾಡಿಲ್ಲ!"

"ಅವನು ಮೇಸ್ತ್ರಿ ಸಾರ್. ಕೆಲಸ ಹಂಚೋದು, ಕೊನೆಗೆ ಎಲ್ಲರ ಉತ್ತರ ಸೇರಿಸೋದು. ಮಧ್ಯೆ ಅವನಿಗೆ ಕಾಯೋದೇ ಕೆಲಸ."

"ತೆಗೆದುಹಾಕಿ ಅವನನ್ನ."

"ಅವನನ್ನ ತೆಗೆದ್ರೆ ಕೆಲಸಾನೇ ನಡೆಯಲ್ಲ ಸಾರ್. ಅವನು ಕಾಯ್ತಿದ್ದಾನೆ ಅಂದ್ರೆ ತಪ್ಪು ಅವನದಲ್ಲ. ಊಟಕ್ಕೆ ಕೂತವನು ಎಲೆ ಮುಂದೆ ಕಾಯ್ತಿದ್ರೆ ಅಡುಗೆಮನೆ ಕಡೆ ನೋಡ್ಬೇಕಲ್ವಾ?"

ಡಬಲ್ ಸಾರ್‌ಗೆ ಇದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಕೆಲಸ ಮಾಡದ ಮೇಸ್ತ್ರಿಯ ಪರವಾಗಿ ಒಬ್ಬ ನೌಕರಳು ವಾದಿಸುತ್ತಿದ್ದುದರಲ್ಲಿ ಅವರಿಗೆ ಏನೋ ಗುಮಾನಿ. ಆದರೂ ಕುರ್ಚಿ ಎಳೆದುಕೊಂಡು ಕೂತರು.

ಟೇಬಲಕ್ಕ ಒಂದೊಂದೇ ಸಾಲು ಬಿಡಿಸುತ್ತ ಹೋದಳು. ಆಳುಗಳು ಎರಡು ತಂಡ. ಮೊದಲ ತಂಡದವರು ದೂರುಗಳನ್ನೂ ವಸ್ತುಗಳನ್ನೂ ಓದಿ, ಚಪ್ಪಲಿಯದ್ದನ್ನು ಒಬ್ಬನಿಗೆ, ಕನ್ನಡಕದ್ದನ್ನು ಇನ್ನೊಬ್ಬನಿಗೆ, ಹೀಗೆ ಜಾತಿ ನೋಡಿ ಎರಡನೇ ತಂಡಕ್ಕೆ ಕೊಡಬೇಕು. ಎರಡನೇ ತಂಡದ ಅರವತ್ತನಾಲ್ಕು ಮಂದಿ ಜೋಡಿ ಕೂಡಿಸಬೇಕು. ಮೊದಲ ತಂಡದವರು ಬಹುಪಾಲು ಹೊತ್ತು ಬರೆದಿಟ್ಟಿದ್ದು ಒಂದೇ: ಕೊಡಲು ಕೈ ನೀಡಿ ನಿಂತಿದ್ದೇನೆ, ತೆಗೆದುಕೊಳ್ಳುವವನ ಕೈ ಖಾಲಿ ಇಲ್ಲ. ಎರಡನೇ ತಂಡದವರು ಬರೆದಿದ್ದು ಅದಕ್ಕೆ ತದ್ವಿರುದ್ಧ: ಕೈ ಖಾಲಿ ಇದೆ, ಯಾರೂ ಏನೂ ಕೊಡುತ್ತಿಲ್ಲ.

"ಇದೇನಮ್ಮ ಇದು, ಕೊಡೋನು ತಗೊಳ್ಳೋನು ಇಲ್ಲ ಅಂತಾನೆ, ತಗೊಳ್ಳೋನು ಕೊಡೋನು ಇಲ್ಲ ಅಂತಾನೆ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದ್ದಾನೆ" ಎಂದರು ಡಬಲ್ ಸಾರ್.

ಟೇಬಲಕ್ಕನಿಗೂ ಹಾಗೇ ಅನ್ನಿಸಿತು. ಇಷ್ಟು ಹೊತ್ತೂ ಆಕೆ ಕಾಯುತ್ತಿರುವವರನ್ನೇ ನೋಡುತ್ತಿದ್ದಳು, ಯಾರು ಹೆಚ್ಚು ಕಾದರು, ಯಾರು ಕಡಿಮೆ ಎಂದು. ಎರಡನೇ ತಂಡವನ್ನು ಬೆರಳಿಟ್ಟು ಎಣಿಸಿದಳು. ಅರವತ್ತಮೂರು ಹೆಸರಿದ್ದವು. ಇನ್ನೊಮ್ಮೆ ಎಣಿಸಿದಳು. ಅರವತ್ತಮೂರೇ. ಹದಿನಾರರ ಕೆಳಗೆ ಹದಿನೆಂಟು. ಹದಿನೇಳನೆಯವನು ಕಾಯುವವರ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

"ಸಾರ್, ಹದಿನೇಳು ಕಾಯ್ತಾನೇ ಇಲ್ಲ!"

"ಒಳ್ಳೇದೇ ಆಯ್ತಲ್ಲ, ಅವನೊಬ್ಬನಾದ್ರೂ ಮರ್ಯಾದಸ್ಥ."

"ಅಲ್ಲ ಸಾರ್, ಅವನಿಗೆ ಕಾಯೋಕೆ ಪುರಸೊತ್ತೇ ಇಲ್ಲ. ಆರು ಗಂಟೆಯಿಂದ ಒಬ್ಬನೇ ದುಡೀತಿದ್ದಾನೆ. ಕೊಡೋರೆಲ್ಲ ಅವನ ಮುಂದೇನೇ ಸಾಲು ನಿಂತಿರೋದು. ಮಿಕ್ಕ ಅರವತ್ತಮೂರು ಜನ ನೊಣ ಹೊಡೀತಾ ಕೂತಿದ್ದಾರೆ. ಇನ್ನೂ ಅರವತ್ತನಾಲ್ಕು ಜನ ತಂದರೆ ಅವರೂ ನೊಣ ಹೊಡೀತಾರೆ ಅಷ್ಟೇ."

ಡಬಲ್ ಸಾರ್ ಮುಖ ಸಪ್ಪಗಾಯಿತು. "ಪಾಪ" ಎಂದರು, ನಿಜವಾಗಿಯೂ ಮರುಗಿ. "ಆ ಹದಿನೇಳಕ್ಕೆ ಅಂಥದ್ದೇನು ಕೊಟ್ಟಿದ್ದಾರೆ?"

ಟೇಬಲಕ್ಕ ನೋಡಿದಳು. ಹದಿನೇಳನೆಯವನ ಮುಂದೆ ಇದ್ದದ್ದು ಒಂದೇ ಜಾತಿ, ಪಟ್ಟಿಯ ಮೊದಲ ನಂಬರಿನದು. ಮೂವತ್ತೆಂಟು ಸಾವಿರ ದೂರು, ಇಪ್ಪತ್ತೊಂಬತ್ತು ಸಾವಿರ ವಸ್ತು. ಪ್ರತಿ ದೂರಿನ ಪಕ್ಕ ಪ್ರತಿ ವಸ್ತುವನ್ನೂ ಹಿಡಿದು ಅವನು ನೂರಹತ್ತು ಕೋಟಿ ಸಲ ಹೋಲಿಸುತ್ತಿದ್ದ.

"ಕೊಡೆ ಸಾರ್" ಎಂದಳು. "ಎಲ್ಲಾ ಕೊಡೆ."

"ಮಳೆಗಾಲ ಅಲ್ವಾ" ಎಂದರು ಡಬಲ್ ಸಾರ್.

"ಮಳೆ ನಿಂತು ಮೂರು ತಿಂಗಳಾಯ್ತು."

ಹೇಳುತ್ತಿದ್ದಂತೆಯೇ ಆಕೆಯ ಕಣ್ಣ ಮುಂದೆ ಮಾವ ಬಂದು ನಿಂತರು, ಒಂದೇ ಬೂಟು ಬಿಚ್ಚಿಕೊಂಡು. ಮೂರನೇ ನಿಲ್ದಾಣ, ಮೂರನೇ ಛತ್ರಿ. ಯಾವನೋ ಒಬ್ಬ ಗುಮಾಸ್ತನ ಎಡವಟ್ಟಲ್ಲ ಇದು. ಚೀಲ ಹೆಗಲಿಗೇರಿಸಿಕೊಂಡು ಆಕೆ ನೇರ ಕೇಂದ್ರ ನಿಲ್ದಾಣಕ್ಕೆ ಹೊರಟಳು.

ಕೇಂದ್ರ ನಿಲ್ದಾಣದ ಉಗ್ರಾಣ ಎಂಟನೇ ಪ್ಲಾಟ್‌ಫಾರಂ ತುದಿಯಲ್ಲಿತ್ತು. ಜಾಲರಿ ಹಾಕಿದ ಕಿಟಕಿ, ಅದರ ಹಿಂದೆ ಗುಮಾಸ್ತರು. ನಿವೃತ್ತಿಗೆ ಒಂದೂವರೆ ವರ್ಷವಿದ್ದ ಆ ಮನುಷ್ಯ ಕಿಟಕಿಯಾಚೆಗಿನ ಮಾತನ್ನು ವೈದ್ಯರು ರೋಗಿಯ ಮಾತು ಕೇಳುವಂತೆ ತಲೆ ಓರೆ ಮಾಡಿ ಕೇಳುತ್ತಿದ್ದರು. ಆಗ ದೂರು ಹೇಳುತ್ತಿದ್ದ ಪ್ರಯಾಣಿಕನಿಗೆ ಒಂದು ಕಾಲಲ್ಲಿ ಬೂಟಿತ್ತು, ಇನ್ನೊಂದರಲ್ಲಿ ಬರೀ ಕಾಲುಚೀಲ. ಗುಮಾಸ್ತರು ದಪ್ಪ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡರು: ಬಲಗಾಲಿನ ಬೂಟು, ಕಂದು, ಲೇಸಿನಲ್ಲಿ ಎರಡು ಗಂಟು. ಆಮೇಲೆ, ಮನೆಗೆ ಬಂದ ಬೇಡದ ನೆಂಟನ ಕಡೆ ತಿರುಗುವಂತೆ ಕಂಪ್ಯೂಟರಿನ ಕಡೆ ತಿರುಗಿ, ಅದನ್ನೇ ಷರಾ ಜಾಗದಲ್ಲಿ ಒಂದೇ ಬೆರಳಲ್ಲಿ ಕುಟ್ಟಿ, ಠಪ್ಪೆಂದು ಎಂಟರ್ ಒತ್ತಿದರು.

ಪಕ್ಕದ ಬಾಗಿಲಿಂದ ಒಳಗೆ ಬಂದಿದ್ದ ಟೇಬಲಕ್ಕ ತಾನು ಯಾರೆಂದು ಹೇಳಿ, "ಯಜಮಾನರೇ, ಜಾತಿ ಅನ್ನೋ ಕಡೆ ಬೂಟು ಅಂತ ಆರಿಸಬೇಕಿತ್ತಲ್ವಾ? ಕೊಡೆ ಅಂತಾನೇ ಹೋಯ್ತಲ್ಲ" ಎಂದಳು.

ಗುಮಾಸ್ತರು ಎದ್ದು ಕುರ್ಚಿ ಬಿಟ್ಟುಕೊಟ್ಟರು. "ನೀವೇ ಆರಿಸಿ ತೋರಿಸಿ ತಾಯಿ."

ಟೇಬಲಕ್ಕ ಕೂತು ಜಾತಿಯ ಪಟ್ಟಿ ತೆರೆಯಲು ಒತ್ತಿದಳು. ಪರದೆಯ ಮಧ್ಯೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು. ಸಾಲಿನಲ್ಲಿದ್ದ ಏಳು ಜನ ಜಾಲರಿಯೊಳಗಿನಿಂದ ಆಕೆಯನ್ನೇ ನೋಡಿದರು. ಒಂದು ಮಗು ಅಳಲು ಶುರು ಮಾಡಿ, ಅತ್ತು ಮುಗಿಸಿತು. ಚಕ್ರ ಇನ್ನೂ ತಿರುಗುತ್ತಿತ್ತು.

"ಅಮ್ಮಾ" ಎಂದ ಬೂಟಿನವನು ವಿನಯದಿಂದ, "ನೆಲ ತಣ್ಣಗಿದೆ."

ಮುನ್ನೂರ ನಲವತ್ತು ಜಾತಿಗಳ ಪಟ್ಟಿ ತೆರೆದುಕೊಳ್ಳಲು ಎರಡು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು.

"ನೋಡಿದ್ರಾ? ಸುಮ್ಮನೆ ಎಂಟರ್ ಒತ್ತಿದ್ರೆ ಮೊದಲನೇದು ತಾನೇ ಬಿದ್ದುಬಿಡುತ್ತೆ, ತಕ್ಷಣ" ಎಂದರು ಗುಮಾಸ್ತರು. "ಹೋದ ವರ್ಷದಿಂದ ಬೆಳಗಿನ ಹೊತ್ತು ಹೀಗೇ. ಈಚೀಚೆಗಂತೂ ಮಧ್ಯಾಹ್ನ ಹನ್ನೆರಡರವರೆಗೂ. ಜನ ಬೈತಾರೆ ತಾಯಿ. ಅದಕ್ಕೇ ಈ ಉಪಾಯ ಹುಡುಕಿದೆ. ಮಿಕ್ಕ ಹತ್ತು ನಿಲ್ದಾಣದವರಿಗೂ ನಾನೇ ಫೋನ್ ಮಾಡಿ ಹೇಳಿಕೊಟ್ಟಿದ್ದು." ದನಿಯಲ್ಲಿ ಹೆಮ್ಮೆ ಇತ್ತು. "ಆದ್ರೂ ಒಂದು ಮಾತು ಕೇಳ್ತೀನಿ. ಪಟ್ಟೀಲಿ ಕೊಡೇನ ಮೊದಲನೇದಾಗಿ ಹಾಕಿದ ಮಹಾನುಭಾವ ಯಾರು?"

ಒಂಬತ್ತು ವರ್ಷದ ಹಿಂದೆ ಆ ಪಟ್ಟಿ ಮಾಡಿದವಳು ಟೇಬಲಕ್ಕನೇ. ಆ ದಿನ ಹೊರಗೆ ಜೋರು ಮಳೆ ಬರುತ್ತಿತ್ತು, ಮೊದಲು ಹೊಳೆದದ್ದನ್ನು ಮೊದಲು ಬರೆದಿದ್ದಳು.

ಅಲ್ಲೇ ಸ್ಟೂಲಿನ ಮೇಲೆ ಕೂತು ಆಕೆ ಲೆಕ್ಕ ಹಾಕಿದಳು. ಬೆಳಗಿನ ಜೋಡಿ ಕೆಲಸ ಒಂಬತ್ತು ಗಂಟೆ ದಾಟಿದ್ದರಿಂದ ಕಿಟಕಿಯ ಕಂಪ್ಯೂಟರು ನಿಧಾನವಾಯಿತು. ನಿಧಾನವಾದ್ದರಿಂದ ಗುಮಾಸ್ತರು ಎಲ್ಲವನ್ನೂ ಕೊಡೆ ಮಾಡಿದರು. ಎಲ್ಲವೂ ಕೊಡೆಯಾದ್ದರಿಂದ ಹದಿನೇಳನೆಯವನ ತಲೆಯ ಮೇಲೆ ಹೊರೆ ಬಿದ್ದು ಕೆಲಸ ಇನ್ನೂ ತಡವಾಯಿತು. ಡಬಲ್ ಸಾರ್ ಆಳುಗಳನ್ನು ಹೆಚ್ಚಿಸಿದ ಹಾಗೆಲ್ಲ ಯಂತ್ರ ಇನ್ನಷ್ಟು ಬಳಲಿ, ಚಕ್ರ ಇನ್ನಷ್ಟು ತಿರುಗಿ, ಇನ್ನಷ್ಟು ಕೊಡೆಗಳು ಹುಟ್ಟಿದವು. ಯಾರೂ ಸೋಮಾರಿಗಳಲ್ಲ, ಯಾರೂ ಮೋಸ ಮಾಡಿಲ್ಲ. ಎಲ್ಲರೂ ತಮ್ಮ ಮುಂದಿದ್ದವರನ್ನು ಕಾಯಿಸಬಾರದೆಂದು ಒದ್ದಾಡಿದ್ದರು. ಆಕೆಗೆ ತಲೆ ಚಚ್ಚಿಕೊಳ್ಳುವಂತಾಯಿತು, ನಗುವೂ ಬಂತು.

"ಯಜಮಾನರೇ, ಹದಿನೆಂಟು ದಿನದ ಹಿಂದೆ ಹಲ್ಲು ಬಂದಿತ್ತಾ?"

ಗುಮಾಸ್ತರು ಪುಸ್ತಕ ತೆರೆಯಲೂ ಇಲ್ಲ. "ಮೇಲಿನ ಸಾಲು. ಕರವಸ್ತ್ರದಲ್ಲಿ ಸುತ್ತಿದ್ದು, ಅಂಚಿಗೆ ನೀಲಿ ಗೆರೆ. ಲೋಟದಲ್ಲಿ ನೀರು ಹಾಕಿ ಇಟ್ಟಿದ್ದೀನಿ, ದಿನಾ ನೀರು ಬದಲಾಯಿಸ್ತೀನಿ. ಹಲ್ಲಲ್ವಾ, ಒಣಗಬಾರದು."

"ನಮ್ಮ ಮಾವನದು. ಕೊಡಿ, ತಗೊಂಡು ಹೋಗ್ತೀನಿ."

"ಅದಾಗಲ್ಲ ತಾಯಿ. ಹಲ್ಲಿನ ಯಜಮಾನರೇ ಬರ್ಬೇಕು. ಬಾಯಿಗೆ ಕೂರುತ್ತಾ ಅಂತ ನೋಡಿ ಕೊಡೋದು ನಿಯಮ."

ಬುಧವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಗುಮಾಸ್ತರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಮಾವ ನಲ್ಲಿಯ ಹತ್ತಿರ ಹೋಗಿ ತೊಳೆದು, ಬೆನ್ನು ತಿರುಗಿಸಿ ಹಾಕಿಕೊಂಡು ಬಂದರು.

"ಏನಾದ್ರೂ ಮಾತಾಡಿ" ಎಂದರು ಗುಮಾಸ್ತರು, ಪೆನ್ನು ಹಿಡಿದು.

ಮಾವ ಎದೆ ಸೆಟೆಸಿದರು. "ಒಂದು ಸಲ! ಎರಡು ಸಲ! ಮೂರು ಸಲ!" ಎಂದು ಅವರು ಕೂಗಿದ್ದಕ್ಕೆ ಪ್ಲಾಟ್‌ಫಾರಂ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಸಾಲಿನಲ್ಲಿ ನಿಂತಿದ್ದ ಒಬ್ಬರು ತಮಗೆ ಗೊತ್ತಿಲ್ಲದೆಯೇ ಕೈ ಎತ್ತಿಬಿಟ್ಟಿದ್ದರು.

ಹಲ್ಲೇನೋ ಸಿಕ್ಕಿತು. ಮಿಕ್ಕ ಕೊಡೆಗಳ ಕಥೆ ಹಾಗೇ ಇತ್ತು. ಟೇಬಲಕ್ಕ ಡಬಲ್ ಸಾರ್ ಮುಂದೆ ನಿಂತು, ಆಳುಗಳನ್ನು ಎಂಟಕ್ಕೆ ಇಳಿಸಬೇಕು ಎಂದಳು. ಇಳಿಸು ಎಂಬ ಮಾತು ಕೇಳಿ ಅವರಿಗೆ ಯಾರೋ ಗಿಲ್ಲಿದಂತಾದರೂ ಹೂಂ ಎಂದರು. ಇನ್ನು ಮೇಲೆ ಜಾತಿ ಆರಿಸದೆ ಎಂಟರ್ ಒತ್ತಿದರೆ ಕಂಪ್ಯೂಟರು ಮುಂದೆ ಹೋಗಬಾರದು ಎಂದಳು. ಅದಕ್ಕೂ ಹೂಂ ಎಂದರು. ಕೊನೆಗೆ, ಕೊಡೆ ಎಂದು ಬಿದ್ದಿರುವ ಅರವತ್ತೇಳು ಸಾವಿರ ಷರಾಗಳನ್ನು ಓದಿ, ಅಸಲಿಗೆ ಅದೇನು ಎಂದು ಮತ್ತೆ ಬರೆಯಬೇಕು ಎಂದಾಗ ಅವರ ಕಣ್ಣು ಮಿನುಗಿತು.

"ಇದಕ್ಕೆ ಜನ ಹೆಚ್ಚು ಬೇಕಾಗುತ್ತಲ್ಲ?"

"ಬೇಕು ಸಾರ್. ಆದ್ರೆ ಎಲ್ಲರಿಗೂ ಸಮ ಸಮ ಹಂಚ್ಬೇಕು."

ಮೊದಲು ಟೇಬಲಕ್ಕ ಷರಾದಲ್ಲಿನ ಪದಗಳನ್ನು ಹುಡುಕಿ ನಲವತ್ತು ಸಾವಿರವನ್ನು ಕಂಪ್ಯೂಟರಿನ ಕೈಯಲ್ಲೇ ವಿಂಗಡಿಸಿದಳು. ಅದರಲ್ಲೂ ಫಜೀತಿಯಾಯಿತು. ಹಲ್ಲು ಎಂದು ಹುಡುಕಿದರೆ ಹಲ್ಲು ಮುರಿದ ಬಾಚಣಿಗೆಗಳು ಬಂದವು. ಕನ್ನಡಕ ಎಂದರೆ, ಕನ್ನಡಕ ಹಾಕಿಕೊಂಡ ಮುದುಕರ ಫೋಟೋಗಳು ಬಂದವು. ಉಳಿದ ಇಪ್ಪತ್ತೇಳು ಸಾವಿರಕ್ಕೆ ಡಬಲ್ ಸಾರ್ ಎಲ್ಲ ವಿಭಾಗಗಳಿಂದ ಇಪ್ಪತ್ತೊಂಬತ್ತು ಜನರನ್ನು ಹಿಡಿದು ತಂದರು. ಒಬ್ಬೊಬ್ಬರಿಗೆ ಒಂಬೈನೂರು. ತಾವೇ ಮೂವತ್ತನೆಯವರಾಗಿ ಒಂದು ಪಾಲು ಕೇಳಿ ತೆಗೆದುಕೊಂಡು, ಕೋಟು ಕಳಚಿ ಕುರ್ಚಿಗೆ ಹಾಕಿ ಓದಲು ಕೂತರು.

ಎರಡು ದಿನ ಆ ಹಾಲ್‌ನಲ್ಲಿ ಯಾರಿಗೂ ಬೇಜಾರು ಬರಲಿಲ್ಲ. ಒಬ್ಬರು ಓದುತ್ತ ಓದುತ್ತ ನಕ್ಕರೆ ಮಿಕ್ಕವರು ಏನು ಏನು ಎನ್ನುತ್ತಿದ್ದರು. ಮಾತಾಡುವ ಗಿಳಿ ಇರುವ ಪಂಜರ, ಗಿಳಿ ಬೈಯುತ್ತದೆ, ಎಚ್ಚರ. ಬೀಗದ ಕೈ ಗೊಂಚಲು, ಯಜಮಾನರು ಕಳೆದುಕೊಂಡದ್ದನ್ನು ಯಜಮಾನತಿಗೆ ಹೇಳಬಾರದಂತೆ. ತಬಲಾ, ಎಡಗಡೆಯದು ಮಾತ್ರ. ಗುರುವಾರ ಮಧ್ಯಾಹ್ನ ಡಬಲ್ ಸಾರ್ ಸದ್ದಿಲ್ಲದೆ ಕನ್ನಡಕ ಒರೆಸಿಕೊಳ್ಳುತ್ತಿದ್ದುದನ್ನು ಟೇಬಲಕ್ಕ ನೋಡಿದಳು. ಅವರ ಪರದೆಯ ಮೇಲೆ ಇದ್ದ ಷರಾ: ಹಸಿರು ಸ್ವೆಟರ್, ಅಮ್ಮ ಹೆಣೆಯುತ್ತಿದ್ದದ್ದು, ಒಂದು ತೋಳು ಬಾಕಿ ಇದೆ, ಅಮ್ಮ ಇಲ್ಲ, ದಯವಿಟ್ಟು ಹುಡುಕಿ.

"ಇದು ಯಾವ ಜಾತಿ ಅಂತ ಹಾಕ್ಲಮ್ಮ?" ಎಂದರು.

"ಸ್ವೆಟರ್ ಸಾರ್. ನಲವತ್ತೆರಡು."

"ನಲವತ್ತೆರಡು" ಎಂದು ಅವರು ನಿಧಾನವಾಗಿ ಒತ್ತಿ, ಸರಿಯಾಗಿ ಬಿತ್ತೇ ಎಂದು ಎರಡು ಸಲ ನೋಡಿಕೊಂಡರು.

ಎಲ್ಲ ಮುಗಿದಾಗ ಇಪ್ಪತ್ತೊಂಬತ್ತು ಸಾವಿರ ವಸ್ತುಗಳಲ್ಲಿ ನಿಜವಾದ ಕೊಡೆಗಳು ಉಳಿದದ್ದು ಆರುನೂರ ಹನ್ನೆರಡು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಕೆಲಸ ಶುರುವಾಯಿತು. ಟೇಬಲಕ್ಕ ಎರಡು ಗುಟುಕು ಕಾಫಿ ಕುಡಿದು ನೋಡುವಷ್ಟರಲ್ಲಿ, ಆರು ಗಂಟೆ ಹನ್ನೊಂದು ನಿಮಿಷಕ್ಕೆ, ಪಟ್ಟಿ ಬಂದು ಕೂತಿತ್ತು. ಎಂಟೂ ಆಳುಗಳು ಹೆಚ್ಚು ಕಡಿಮೆ ಒಟ್ಟಿಗೇ ಕೈ ತೊಳೆದುಕೊಂಡಿದ್ದರು. ಯಾರೂ ಯಾರಿಗೂ ಹೇಳಿಕೊಳ್ಳುವಷ್ಟು ಕಾದಿರಲಿಲ್ಲ.

ಒಂಬತ್ತಕ್ಕೆ ಸರಿಯಾಗಿ ದೊಡ್ಡ ಸಾಹೇಬರು ಬಂದು ಗೋಡೆಯ ಮೇಲಿನ ಪಟ್ಟಿಯ ಮುಂದೆ ನಿಂತರು. ಅವರಿಗೆ ಸ್ವಲ್ಪ ನಿರಾಸೆಯಾದಂತಿತ್ತು.

"ಆಗಲೇ ಮುಗಿದಿದೆಯಲ್ರೀ. ಕೆಲಸ ನಡೆಯೋದು ನೋಡೋಣ ಅಂತ ಬಂದೆ."

"ನಡೆದಿದ್ದು ಕಾಣಲ್ಲ ಸಾರ್, ಅದೇ ಅದರ ವಿಶೇಷ" ಎಂದರು ಡಬಲ್ ಸಾರ್. ಎಷ್ಟು ಆಳು ಹಾಕಿದ್ದೀರಿ ಎಂದು ಕೇಳಿದ್ದಕ್ಕೆ ಅವರು ಟೇಬಲಕ್ಕನ ಕಡೆ ಕೈ ತೋರಿಸಿದರು. ಎಂಟು ಎಂದು ಆಕೆಯೇ ಹೇಳಬೇಕಾಯಿತು.

ಒಂದೇ ದಿನ ಒಂಬತ್ತು ಸಾವಿರ ಜನರಿಗೆ ಸಂದೇಶ ಹೋಗಿತ್ತು. ಹನ್ನೊಂದು ನಿಲ್ದಾಣಗಳ ಕಿಟಕಿಗಳಲ್ಲೂ ಜನವೋ ಜನ. ಕೇಂದ್ರ ನಿಲ್ದಾಣದಲ್ಲಿ ಸಾಲು ಪ್ಲಾಟ್‌ಫಾರಂ ಪೂರ್ತಿ ಹರಡಿ ಮೆಟ್ಟಿಲು ಹತ್ತಿತ್ತು. ಗುಮಾಸ್ತರಿಗೆ ಕೈ ಆಸರೆಗೆಂದು ಟೇಬಲಕ್ಕ ಅಲ್ಲಿಗೇ ಹೋದಳು. ಒಂದು ವರ್ಷ ಕಾದ ಜನ ಇನ್ನೊಂದು ಗಂಟೆ ಕಾಯಲು ಬೇಸರಿಸಲಿಲ್ಲ. ಸಾಲಿನಲ್ಲೇ ಪರಿಚಯ ಮಾಡಿಕೊಂಡು ಯಾರ್‍ಯಾರು ಏನೇನು ಕಳೆದುಕೊಂಡೆವೆಂದು ಹೇಳಿಕೊಳ್ಳುತ್ತಿದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಜನ ಕರಗಿದಾಗ ಗುಮಾಸ್ತರು ಮೂಲೆಯಿಂದ ಒಂದು ವಸ್ತುವನ್ನು ಎತ್ತಿ ತಂದು ಮೇಜಿನ ಮೇಲೆ ಇಟ್ಟರು. ಮರದ ಮೂರು ಕಾಲು, ಮೇಲೆ ಹಿತ್ತಾಳೆಯ ಬಟ್ಟಲು, ಬಟ್ಟಲಿನ ಕೆಳಗೆ ಒಂದು ಸ್ಪ್ರಿಂಗು, ಪಕ್ಕದಲ್ಲಿ ಚರ್ಮದ ಪಟ್ಟಿ.

"ಮುನ್ನೂರ ನಲವತ್ತೂ ಜಾತಿ ನೋಡಿದೆ ತಾಯಿ, ಯಾವುದಕ್ಕೂ ಸೇರಲ್ಲ. ಏನಿದು?"

ಟೇಬಲಕ್ಕ ಬಟ್ಟಲನ್ನು ಒತ್ತಿದಳು. ಅದು ಕುಯ್ಯೆಂದು ಕೆಳಗೆ ಹೋಗಿ ಮೇಲೆ ಬಂತು. ಗುಮಾಸ್ತರು ಒತ್ತಿದರು. ಅಡುಗೆಗೆ ಇರಬಹುದು ಎಂದು ಆಕೆ, ವ್ಯಾಯಾಮಕ್ಕೆ ಎಂದು ಅವರು. ತಲೆಕೆಳಗು ಮಾಡಿ ನೋಡಿದರು, ಪಟ್ಟಿಯನ್ನು ಸೊಂಟಕ್ಕೆ ಕಟ್ಟಿ ನೋಡಿದರು. ಅಷ್ಟರಲ್ಲಿ ಜಾಲರಿಯಾಚೆ ಒಬ್ಬ ನಡುವಯಸ್ಸಿನ ಮನುಷ್ಯ ಏದುಸಿರು ಬಿಡುತ್ತ ಬಂದು ನಿಂತ.

"ಅಯ್ಯಪ್ಪಾ, ಇಲ್ಲೇ ಇದೆ! ಅದು ನಮ್ಮದೇ ಸ್ವಾಮಿ."

"ದೂರು ಬರೆಸಿದ್ರಾ?"

"ಬರೆಸೋಕೆ ನಾಲ್ಕು ಸಲ ಬಂದು ವಾಪಸ್ ಹೋದೆ. ಏನಂತ ಬರೆಸ್ಲಿ? ಇವತ್ತು ಯಾರ್‍ಯಾರದ್ದೋ ಸಿಗ್ತಿದೆ ಅಂತ ಕೇಳಿ ಸುಮ್ಮನೆ ಬಂದೆ."

"ಏನು ಸ್ವಾಮಿ ಇದು?" ಟೇಬಲಕ್ಕ, ಗುಮಾಸ್ತರು ಒಟ್ಟಿಗೇ ಕೇಳಿದರು.

"ಗೊತ್ತಿಲ್ಲ. ನಮ್ಮ ಮನೆಯವಳು ಇಷ್ಟಪಟ್ಟು ತಂದಿದ್ದು. ನಾನು ಗಾಡೀಲಿ ಮರೆತೆ. ಏಳು ತಿಂಗಳಾಯ್ತು, ಆವತ್ತಿಂದ ಮುಖ ಕೊಟ್ಟು ಮಾತಾಡಿಲ್ಲ. ಅದೇನು ಅಂತ ಕೇಳೋ ಧೈರ್ಯ ನನಗೆಲ್ಲಿಂದ ಬರ್ಬೇಕು?"

ಗುಮಾಸ್ತರು ಟೇಬಲಕ್ಕನ ಮುಖ ನೋಡಿದರು. ಆಕೆ ಕುರ್ಚಿ ಎಳೆದುಕೊಂಡು ಜಾತಿಗಳ ಪಟ್ಟಿಯ ಕೊನೆಗೆ ಹೋಗಿ, ಮುನ್ನೂರ ನಲವತ್ತೊಂದು ಎಂದು ಹೊಸ ಸಾಲು ಸೇರಿಸಿ, ಅದರ ಮುಂದೆ "ಯಜಮಾನರಿಗೂ ಗೊತ್ತಿಲ್ಲದ್ದು" ಎಂದು ಬರೆದಳು. ಆತ ಸಹಿ ಹಾಕಿದ. ಮೂರು ಕಾಲಿನ ಆ ವಸ್ತುವನ್ನು ಮಗುವಿನಂತೆ ಎದೆಗೆ ಅವಚಿಕೊಂಡು, ಬಟ್ಟಲು ಕುಯ್ ಕುಯ್ ಎನ್ನುತ್ತಿರಲು, ಹೊರಡಲಿದ್ದ ಗಾಡಿಯ ಕಡೆ ಓಡಿದ.

"ರೀ, ಈ ಸಲ ಮಡಿಲಲ್ಲೇ ಇಟ್ಕೊಳ್ಳಿ!" ಎಂದು ಗುಮಾಸ್ತರು ಜಾಲರಿಗೆ ಬಾಯಿ ಹಚ್ಚಿ ಕೂಗಿದರು.